ಇಲಿ ಹೋಗಲಿ, ಬೆಕ್ಕು ಉಳಿಯಲಿ

(ಕಳೆದ ಸಹಕಾರ ಸಪ್ತಾಹದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ. ಸದಸ್ಯರ ಅಪೇಕ್ಷೆಯ ಮೇರೆಗೆ ಇಲ್ಲಿ ಅಚ್ಚು ಮಾಡಲಾಗಿದೆ.)



2000ನೇ ಇಸವಿಯಲ್ಲಿ ನಮ್ಮ ಹಾಲು ಉತ್ಪಾದಕರ ಸಂಘ ಶುರುವಾದಾಗ ನಾವಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗರು. ಎಸ್.ಎಸ್.ಎಲ್.ಸಿ. ಮುಗಿಸಿ, ಮುಂದೆ ಓದಲಾಗದೆ, ಅಪ್ಪನ ಜೊತೆ ಒಂದು ಹಸು ಕಟ್ಟಿಕೊಂಡು ಮೂರು ಲೀಟರ್ ಹಾಲು ತಂದು ಹಾಕುತ್ತಿದ್ದೆವು. ಈಗ ಸಂಘಕ್ಕೆ ಇಪ್ಪತ್ತೈದು ತುಂಬಿದೆ, ನಮ್ಮ ತಲೆಯೂ ಅಲ್ಲಲ್ಲಿ ಬೆಳ್ಳಗಾಗಿದೆ. ಅಧ್ಯಕ್ಷರು ನಮ್ಮನ್ನು ಕರೆದು "ನೀವೂ ಎರಡು ಮಾತಾಡಿ" ಅಂದರು. ಹಾಲಿನ ಗುಣಮಟ್ಟ, ಮೇವಿನ ಬೆಳೆ, ಸಹಕಾರ ತತ್ವ ಇವೆಲ್ಲದರ ಮೇಲೆ ನಮಗಿಂತ ತಿಳಿದವರು ಆಗಲೇ ಮಾತಾಡಿದ್ದಾರೆ. ನಮಗೆ ಉಳಿದದ್ದು ಇಲಿ.

ನಗಬೇಡಿ. ನಗಬಹುದಾದ ವಿಷಯವೇ ಆಗಿದ್ದರೆ ನಾವು ಇಷ್ಟು ಜನರ ಮುಂದೆ ನಿಂತು ಹೇಳುತ್ತಿರಲಿಲ್ಲ. ಇಲಿ ಇಲ್ಲದ ಮನೆ ನಮ್ಮೂರಲ್ಲಿ ಒಂದಾದರೂ ಇದೆಯೇ? ಇದ್ದರೆ ಕೈ ಎತ್ತಿ. ಯಾರೂ ಎತ್ತಲಿಲ್ಲ. ಸರಿ, ಹಾಗಾದರೆ ಎಲ್ಲರಿಗೂ ಸಂಬಂಧಪಟ್ಟ ಮಾತೇ ಆಯಿತು.

ನಮ್ಮದು ತೆಂಗಿನ ಸೀಮೆ. ಕಾಯಿ ಕೆಡವಿ, ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ, ವರ್ಷದ ಹತ್ತಿರ ಬಿಟ್ಟು ಉಂಡೆ ಕೊಬ್ಬರಿ ಮಾಡುವವರು ನಾವು. ಇಲಿಗೆ ಇದಕ್ಕಿಂತ ಅರಮನೆ ಬೇಕೇ? ಮೆತ್ತಗಿನ ನಾರು ಹಾಸಿಗೆಗೆ, ಮೂಲೆಯ ಕತ್ತಲೆ ಕಾವಲಿಗೆ, ಕೆಳಗಿನ ಕೋಣೆಯಲ್ಲಿ ರಾಗಿ, ಅವರೆ, ಹುರುಳಿ ಊಟಕ್ಕೆ. ಪಕ್ಕದ ಕೊಟ್ಟಿಗೆಯಲ್ಲಿ ಹಿಂಡಿ, ಬೂಸಾ. ನಾವೇ ಮನೆ ಕಟ್ಟಿಕೊಟ್ಟು, ನಾವೇ ಅನ್ನ ಇಟ್ಟು, ಆಮೇಲೆ ಇಲಿ ಬಂತು ಅಂತ ಬೈಯ್ಯುತ್ತೇವೆ.

ಇಲಿ ತಿನ್ನುವುದಕ್ಕಿಂತ ಕೆಡಿಸುವುದು ಹೆಚ್ಚು. ಸುಂಡಿಲಿ ದಿನಕ್ಕೆ ತಿನ್ನುವುದು ಮೂರು ಗ್ರಾಂ ಕಾಳು ಇರಬಹುದು. ಆದರೆ ಚೀಲ ಕಡಿದು ಚೆಲ್ಲುವುದು, ಉಚ್ಚೆ ಹೊಯ್ದು ಹಿಕ್ಕೆ ಹಾಕುವುದು ಅದಕ್ಕಿಂತ ಬಹಳ. ಇಲಿ ಉಚ್ಚೆ ಬಿದ್ದ ಹಿಂಡಿಯನ್ನು ಹಸು ಮೂಸಿ ಹಿಂದೆ ಸರಿಯುತ್ತದೆ. ಇಲಿಜ್ವರ ಅಂತ ಏನು ಹೇಳುತ್ತಾರೋ, ಅದು ಇಲಿ ಉಚ್ಚೆ ಸೇರಿದ ನೀರು, ಕೆಸರಿನಿಂದ ಮನುಷ್ಯರಿಗೆ ಬರುತ್ತದೆ. ಅದೇ ಜಾತಿಯ ರೋಗಾಣುವಿನಿಂದ ಹಸು ಕಂದು ಹಾಕುವುದೂ ಉಂಟು, ಹಾಲು ಇಳಿಯುವುದೂ ಉಂಟು. ನಮ್ಮ ಅಜ್ಜಂದಿರ ಕಾಲದಲ್ಲಿ ಇಲಿ ಬಿದ್ದರೆ ಊರೇ ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲಿನ ಕಥೆಗಳು ಅವು. ಆದ್ದರಿಂದ ಇಲಿ ಹೋಗಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಹೇಗೆ ಹೋಗಬೇಕು ಅನ್ನುವುದೇ ಇವತ್ತಿನ ಮಾತು.

ನಿಮ್ಮಲ್ಲಿ ಬಹಳ ಜನಕ್ಕೆ ನಮ್ಮ ಕರಿಯ ಗೊತ್ತು. ಬೆಳಿಗ್ಗೆ ನಾವು ಕ್ಯಾನ್ ಹಿಡಿದು ಡೇರಿಗೆ ಹೊರಟರೆ ಮುಂದೆ ಮುಂದೆ ಅದು. ಹಾಲು ಅಳೆದು, ಫ್ಯಾಟ್ ನೋಡಿ, ಪಾಸ್‌ಬುಕ್ಕಿನಲ್ಲಿ ಬರೆಸಿಕೊಳ್ಳುವವರೆಗೂ ಮೆಟ್ಟಿಲ ಹತ್ತಿರ ಕೂತಿರುತ್ತಿತ್ತು. ಒಬ್ಬರ ಹಾಲಿಗೂ ಬಾಯಿ ಹಾಕಿದ್ದಿಲ್ಲ. ನಮ್ಮ ಕಾರ್ಯದರ್ಶಿಗಳು "ಇದಕ್ಕೂ ಒಂದು ಷೇರು ಕೊಟ್ಟುಬಿಡೋಣ" ಅಂತ ತಮಾಷೆ ಮಾಡುತ್ತಿದ್ದರು.

2014ರಲ್ಲಿ, ರಾಗಿ ಒಕ್ಕಣೆ ಮುಗಿದ ಮೇಲೆ, ನಮ್ಮ ಮನೆಯಲ್ಲಿ ಇಲಿ ವಿಪರೀತವಾಯಿತು. ರಾತ್ರಿಯೆಲ್ಲ ಅಟ್ಟದ ಮೇಲೆ ಓಡಾಟ. ಮಗಳ ಶಾಲೆ ಪುಸ್ತಕ ಕಡಿದವು, ಹಬ್ಬಕ್ಕೆ ತಂದ ಸೀರೆ ಕಡಿದವು. ಮನೆಯವಳು "ರೀ, ಏನಾದ್ರೂ ಮಾಡ್ರೀ, ಇಲ್ಲಾಂದ್ರೆ ನಾನೇ ಅಟ್ಟಕ್ಕೆ ಹೋಗಿ ಇರ್ತೀನಿ, ಅವು ಕೆಳಗಡೆ ಇರ್ಲಿ" ಅಂದಳು. ನಾವು ಪೇಟೆಗೆ ಹೋಗಿ ಕಪ್ಪು ಪುಡಿಯ ಇಲಿ ಪಾಷಾಣ ತಂದೆವು. ಅಂಗಡಿಯಲ್ಲಿ ಕೊಟ್ಟರು, ನಾವು ತಂದೆವು. ಪೊಟ್ಟಣದ ಮೇಲೆ ಏನು ಬರೆದಿದೆ ಅಂತ ಅವರೂ ಹೇಳಲಿಲ್ಲ, ನಾವೂ ಓದಲಿಲ್ಲ. ಕಡಲೆಕಾಯಿ ಬೀಜ ಹುರಿದು, ಕುಟ್ಟಿ, ಬೆಲ್ಲ, ಎಣ್ಣೆ ಸೇರಿಸಿ, ಪುಡಿ ಕಲೆಸಿ ಉಂಡೆ ಮಾಡಿ ಅಟ್ಟದ ಮೇಲೆ ನಾಲ್ಕು ಕಡೆ ಇಟ್ಟೆವು. ಅಟ್ಟಕ್ಕೆ ನಾಯಿ ಹತ್ತುವುದಿಲ್ಲವಲ್ಲ ಅನ್ನುವ ಧೈರ್ಯ.

ನಾಯಿ ಹತ್ತಲಿಲ್ಲ. ಇಲಿ ಉಂಡೆಯನ್ನು ಕಚ್ಚಿಕೊಂಡು ಕೆಳಗೆ ಬೀಳಿಸಿತು. ಬೆಳಗಿನ ಜಾವ ಎದ್ದು ನೋಡಿದರೆ ಕರಿಯ ಹಿತ್ತಲಲ್ಲಿ ಒದ್ದಾಡುತ್ತಿತ್ತು. ಹೊಟ್ಟೆ ಉಬ್ಬಿತ್ತು, ವಾಂತಿ ಮಾಡಿತ್ತು, ವಾಂತಿ ಬೆಳ್ಳುಳ್ಳಿ ಕೊಳೆತ ಹಾಗೆ ವಾಸನೆ. ಹಿಂದಿನವರು ಮಾಡುತ್ತಿದ್ದ ಹಾಗೆ ನಾವು ಹುಣಸೆಹುಳಿ ಕಿವುಚಿ ಬಾಯಿಗೆ ಹೊಯ್ದೆವು. ಪಶುವೈದ್ಯರಿಗೆ ಫೋನು ಮಾಡಿದೆವು. ಅವರು ಪಾಪ, ಗಾಡಿ ಹತ್ತಿ ಬಂದರು. ಬರುವಷ್ಟರಲ್ಲಿ ಮುಗಿದಿತ್ತು.

ಡಾಕ್ಟರು ಪೊಟ್ಟಣ ನೋಡಿ ಹೇಳಿದರು: "ಯಜಮಾನ್ರೇ, ಇದು ಜಿಂಕ್ ಫಾಸ್ಫೈಡ್. ಹೊಟ್ಟೆಯೊಳಗಿನ ಹುಳಿ ಸೇರಿದರೆ ಇದರಿಂದ ವಿಷದ ಗಾಳಿ ಹುಟ್ಟುತ್ತೆ. ಇದಕ್ಕೆ ಇಂಥದ್ದೇ ಅಂತ ಪ್ರತಿಮದ್ದು ಇಲ್ಲ. ನೀವು ಮೇಲಿಂದ ಇನ್ನಷ್ಟು ಹುಳಿ ಕುಡಿಸಿದಿರಿ."

ಆ ಮಾತು ನಮಗೆ ಇವತ್ತಿಗೂ ಕಿವಿಯಲ್ಲಿ ಐತೆ. ವಿಷ ಇಟ್ಟವರೂ ನಾವೇ, ಉಳಿಸಲು ಹೋಗಿ ಇನ್ನೂ ಕೆಡಿಸಿದವರೂ ನಾವೇ.

ಇನ್ನೊಂದು ವಿಷಯ ನಾವು ಹನ್ನೊಂದು ವರ್ಷ ಯಾರಿಗೂ ಹೇಳಿಲ್ಲ. ಎರಡನೇ ದಿನ ನಮ್ಮ ಹುಲ್ಲಿನ ಬಣವೆಯ ಪಕ್ಕ ಪಕ್ಕದ ಮನೆ ಅಜ್ಜಿಯ ಬಿಳಿ ಬೆಕ್ಕು ಸತ್ತು ಬಿದ್ದಿತ್ತು. ಅದರ ಹತ್ತಿರ ಅರ್ಧ ತಿಂದ ಇಲಿ. ಸತ್ತ ಇಲಿಯ ಹೊಟ್ಟೆಯಲ್ಲಿ ಉಳಿದ ವಿಷ ಬೆಕ್ಕಿಗೂ ಹೋಗಿತ್ತು. ನಾವು ಗುಂಡಿ ತೋಡಿ ಹೂತೆವು, ಸುಮ್ಮನಾದೆವು. ಅಜ್ಜಿ ವಾರವೆಲ್ಲ ಬಾಗಿಲಲ್ಲಿ ನಿಂತು "ಬಾ ಪುಟ್ಟಿ, ಬಾ ಪುಟ್ಟಿ" ಅಂತ ಕರೆದರು. ಆಮೇಲೆ ನಾವೇ ಎಲ್ಲಿಂದಲೋ ಒಂದು ಮರಿ ತಂದುಕೊಟ್ಟೆವು, ಆದರೆ ಕಾರಣ ಹೇಳಲಿಲ್ಲ. ಅಜ್ಜಿ ಇವತ್ತು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅಜ್ಜೀ, ತಪ್ಪಾಯಿತು. ಅವತ್ತೇ ಹೇಳಬೇಕಿತ್ತು.

ಇಷ್ಟಾದ ಮೇಲೆ ಇಲಿ ಹೋದವೇ ಅಂತ ಕೇಳಿ. ಮೊದಲ ದಿನ ನಾಲ್ಕು ಸತ್ತವು. ಎರಡು ಅಟ್ಟದ ಮೂಲೆಯಲ್ಲಿ ಸತ್ತು ಹದಿನೈದು ದಿನ ಮನೆ ನಾರಿತು. ಎರಡೇ ತಿಂಗಳಲ್ಲಿ ಮತ್ತೆ ಅದೇ ಓಡಾಟ, ಮೊದಲಿಗಿಂತ ಜೋರು. ಯಾಕೆಂದರೆ ಊಟ ಹಾಗೇ ಇತ್ತು, ತೂತು ಹಾಗೇ ಇದ್ದವು, ಹಿಡಿಯುವ ಬೆಕ್ಕು ಮಾತ್ರ ಇರಲಿಲ್ಲ. ಕಾವಲುಗಾರನನ್ನು ಕೊಂದು ಕಳ್ಳನಿಗೆ ಬಾಗಿಲು ತೆರೆದ ಹಾಗಾಯಿತು ನಮ್ಮ ಕೆಲಸ.

ಆಗ ಆ ಡಾಕ್ಟರನ್ನೇ ಕೇಳಿದೆವು, ಕೃಷಿ ಇಲಾಖೆಯವರನ್ನು ಕೇಳಿದೆವು, ಅಲ್ಲಿ ಇಲ್ಲಿ ಓದಿದೆವು. ನಮ್ಮ ಮನೆಯಲ್ಲೇ ಮಾಡಿ ನೋಡಿದೆವು. ಅದನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲು ಶತ್ರು ಯಾರು ಅಂತ ತಿಳಿಯಬೇಕು. ಮನೆಯೊಳಗೆ ಪುಟ್ಟದಾಗಿ ಓಡುವುದು ಸುಂಡಿಲಿ. ಕೆಲವರು ಚಿಟ್ಟಿಲಿ ಅನ್ನುತ್ತಾರೆ. ಇದರ ಹಿಕ್ಕೆ ಜೀರಿಗೆ ಕಾಳಿನಷ್ಟು. ಅಟ್ಟ, ತೊಲೆ, ತೆಂಗಿನಮರ ಹತ್ತುವ ದೊಡ್ಡ ಇಲಿಯದು ಇನ್ನೂ ದಪ್ಪ. ಹಿತ್ತಲಲ್ಲಿ, ಗದ್ದೆ ಬದುವಿನಲ್ಲಿ ಬಿಲ ತೋಡಿ ಮಣ್ಣು ಗುಡ್ಡೆ ಹಾಕುವುದು ಹೆಗ್ಗಣ. ಮೂತಿ ಉದ್ದವಾಗಿ, ಕೆಟ್ಟ ವಾಸನೆ ಬಿಡುತ್ತ, ಚಿಕ್ ಚಿಕ್ ಅಂತ ಗೋಡೆ ಅಂಚಿನಲ್ಲಿ ಹೋಗುವ ಮೂಗಿಲಿ ಇದೆಯಲ್ಲ, ಅದು ನಿಜಕ್ಕೂ ಇಲಿಯ ಜಾತಿಯೇ ಅಲ್ಲ. ಅದರ ಮುಖ್ಯ ಆಹಾರ ಜಿರಲೆ, ಹುಳು ಹುಪ್ಪಟೆ. ಅದನ್ನು ಅಟ್ಟಿದರೆ ಸಾಕು, ಕೊಲ್ಲಬೇಕಿಲ್ಲ.

ಸುಂಡಿಲಿಯ ಸಂಸಾರ ಬೆಳೆಯುವ ವೇಗ ಕೇಳಿ. ಮೂರು ವಾರ ಗಬ್ಬ, ಒಂದು ಸೂಲಿಗೆ ಐದಾರು ಮರಿ. ಆ ಮರಿಗಳು ಆರೇಳು ವಾರಕ್ಕೆ ತಾವೇ ಗಬ್ಬ ಕಟ್ಟುತ್ತವೆ. ನಮ್ಮ ಹಸು ಒಂದು ಕರು ಹಾಕಿ ಮತ್ತೆ ಬೆದೆಗೆ ಬರುವಷ್ಟರಲ್ಲಿ ಅದು ಅಜ್ಜಿಯಾಗಿರುತ್ತದೆ. ಆದ್ದರಿಂದ ಕೊಲ್ಲುವುದರಲ್ಲಿ ನಾವು ಅದನ್ನು ಗೆಲ್ಲಲಾರೆವು. ಊಟ ಮತ್ತು ಜಾಗ ತಪ್ಪಿಸುವುದರಲ್ಲಿ ಗೆಲ್ಲಬಹುದು. ಇವತ್ತಿನ ನಮ್ಮ ಭಾಷಣದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಮೊದಲನೆಯದು, ಇಲಿಯ ದಾರಿ ಹುಡುಕುವುದು. ಇಲಿ ನಡುಮನೆಯಲ್ಲಿ ಓಡಾಡುವುದಿಲ್ಲ, ಗೋಡೆಯ ಅಂಚು ಹಿಡಿದೇ ಹೋಗುತ್ತದೆ. ರಾತ್ರಿ ಮಲಗುವ ಮುಂಚೆ ಗೋಡೆ ಬದಿಗೆ ತೆಳ್ಳಗೆ ರಂಗೋಲಿ ಪುಡಿ ಎರಚಿ. ಬೆಳಿಗ್ಗೆ ಹೆಜ್ಜೆ ಕಾಣುತ್ತದೆ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ತಿಳಿಯುತ್ತದೆ. ಸುಂಡಿಲಿ ಗೂಡಿನಿಂದ ಬಹಳ ದೂರ ಹೋಗುವುದಿಲ್ಲ, ಹೆಚ್ಚೆಂದರೆ ಮೂವತ್ತು ಅಡಿ. ಅಂದರೆ ನಿಮ್ಮ ಅಡಿಗೆಮನೆಯ ಇಲಿ ನಿಮ್ಮ ಮನೆಯದೇ. ಪಕ್ಕದವರನ್ನು ಬೈಯ್ಯಬೇಡಿ.

ಎರಡನೆಯದು, ಊಟ ಮುಚ್ಚುವುದು. ಹಿಂದೆ ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ಹಾಕಿ ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಣಜ, ವಾಡೆ, ಗುಡಾಣ ಇದ್ದವು. ಈಗ ನಾವು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಗೋಡೆಗೆ ಒರಗಿಸುತ್ತೇವೆ. ಇಲಿಗೆ ಪ್ಲಾಸ್ಟಿಕ್ ಚೀಲ ಅಂದರೆ ನಮಗೆ ಬಾಳೆಹಣ್ಣಿನ ಸಿಪ್ಪೆ ಇದ್ದ ಹಾಗೆ. ಅದರ ಮುಂಬಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಕಡಿದು ಸವೆಸಲೇಬೇಕು. ಕಾಳಿಗೆ ಬಿಗಿ ಮುಚ್ಚಳದ ತಗಡಿನ ಡ್ರಮ್ಮೇ ಸರಿ. ಒಂದೇ ಸಲ ಎಲ್ಲಕ್ಕೂ ಆಗದಿದ್ದರೆ ವರ್ಷಕ್ಕೊಂದು ತನ್ನಿ. ಹಿಂಡಿ ಚೀಲ ನೆಲಕ್ಕೆ ಇಡಬೇಡಿ. ಹಲಗೆ ಅಥವಾ ಕಲ್ಲಿನ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಜೋಡಿಸಿ. ಸುತ್ತ ಬೆಕ್ಕು ಓಡಾಡುವಷ್ಟು ಜಾಗ ಇರಲಿ, ನಿಮ್ಮ ಪೊರಕೆಯೂ ಆಡಲಿ.

ಸಾಕುಪ್ರಾಣಿ ಇರುವ ಮನೆಯವರು ಒಂದು ಗಮನಿಸಬೇಕು. ನಾಯಿಗೆ ಹಾಕಿದ ಮುದ್ದೆ ಮಿಕ್ಕಿ ರಾತ್ರಿಯೆಲ್ಲ ತಟ್ಟೆಯಲ್ಲಿ ಇರುತ್ತದೆ. ಕೋಳಿಗೆ ಎರಚಿದ ನುಚ್ಚು ಅಲ್ಲೇ ಬಿದ್ದಿರುತ್ತದೆ. ಹಸುವಿನ ಗೊಂತಿನಲ್ಲಿ ಹಿಂಡಿ ಅಂಟಿರುತ್ತದೆ. ಇಲಿಗೆ ಅದೇ ಮದುವೆ ಊಟ. ಪ್ರಾಣಿಗಳಿಗೆ ಹೊತ್ತು ಮುಳುಗುವ ಮೊದಲೇ ಹಾಕಿ, ತಿಂದ ಮೇಲೆ ತಟ್ಟೆ ತೊಳೆದು ಕವುಚಿ ಹಾಕಿ.

ಮೂರನೆಯದು, ತೂತು ಮುಚ್ಚುವುದು. ಸುಂಡಿಲಿ ಹೋಗಲು ಬಾಗಿಲು ಬೇಡ. ಪೆನ್ಸಿಲ್ ತೂರುವಷ್ಟು ಸಂದು ಇದ್ದರೆ ಮರಿಯಿಲಿ ನುಸುಳುತ್ತದೆ. ಬಟ್ಟೆ, ಕಾಗದ, ಬರೀ ಮಣ್ಣು ತುರುಕಿದರೆ ಒಂದೇ ರಾತ್ರಿಯಲ್ಲಿ ಕಿತ್ತು ಹಾಕುತ್ತದೆ. ಪಾತ್ರೆ ತಿಕ್ಕುವ ಸ್ಟೀಲಿನ ನಾರನ್ನು ಬಿಗಿಯಾಗಿ ತುರುಕಿ, ಮೇಲೆ ಸಿಮೆಂಟು ಮೆತ್ತಿ. ಬಚ್ಚಲ ನೀರು ಹೋಗುವ ಕಂಡಿಗೆ ಕಬ್ಬಿಣದ ಸಣ್ಣ ಜಾಲರಿ ಕೂರಿಸಿ. ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ ಹೊಡೆಸಿ. ಹೆಂಚಿನ ಮನೆಯವರಿಗೆ ಕಷ್ಟ ಜಾಸ್ತಿ, ಒಪ್ಪುತ್ತೇವೆ. ಸೂರಿನ ಸಂದು ಎಲ್ಲವನ್ನೂ ಮುಚ್ಚಲಾಗದು. ಕೊನೆಪಕ್ಷ ಕಾಳು ಇಡುವ ಕೋಣೆ ಒಂದನ್ನಾದರೂ ಭದ್ರ ಮಾಡಿಕೊಳ್ಳಿ. ಮನೆ ಮೇಲೆ ಚಾಚಿದ ಕೊಂಬೆ ಕಡಿಯಿರಿ. ನಮ್ಮ ಮನೆಯಲ್ಲಿ ಎಣಿಸಿದಾಗ ಹದಿನೇಳು ತೂತು ಸಿಕ್ಕವು. ಅರ್ಧ ಚೀಲ ಸಿಮೆಂಟು, ಒಂದು ಭಾನುವಾರ. ಅಷ್ಟೇ ಖರ್ಚು.

ನಾಲ್ಕನೆಯದು, ಒಳಗೆ ಉಳಿದವನ್ನು ಹಿಡಿಯುವುದು. ಸಾಕುಪ್ರಾಣಿ ಇರುವ ಮನೆಗೆ ತಂತಿಯ ಬೋನು ಎಲ್ಲಕ್ಕಿಂತ ಒಳ್ಳೆಯದು. ನಾಯಿ ಮೂಸಿದರೂ, ಬೆಕ್ಕು ಕಾಲು ಹಾಕಿದರೂ ಪ್ರಾಣಕ್ಕೆ ಅಪಾಯ ಇಲ್ಲ. ಒಂದು ಬೋನು ಇಟ್ಟು, ಒಂದು ರಾತ್ರಿ ಕಾದು, "ಏ, ಬೀಳಲಿಲ್ಲ" ಅಂತ ಮೂಲೆಗೆ ಎಸೆಯುವುದು ನಮ್ಮ ಅಭ್ಯಾಸ. ಹಾಗೆ ಮಾಡಬಾರದು. ನಾಲ್ಕೈದು ಬೋನು ಒಟ್ಟಿಗೆ ಇಡಿ, ಗೋಡೆ ಅಂಚಿಗೆ, ಆರೇಳು ಅಡಿಗೆ ಒಂದರಂತೆ. ಸುಂಡಿಲಿ ಹೊಸ ವಸ್ತು ಕಂಡರೆ ಹೋಗಿ ಮೂಸುತ್ತದೆ, ಮೊದಲ ರಾತ್ರಿಯೇ ಬೀಳಬಹುದು. ದೊಡ್ಡ ಇಲಿ ಹಾಗಲ್ಲ, ಹೊಸದನ್ನು ಕಂಡರೆ ಅದಕ್ಕೆ ಅನುಮಾನ. ಅದಕ್ಕೆ ಮೂರು ನಾಲ್ಕು ದಿನ ಬೋನಿನ ಬಾಗಿಲು ಕಟ್ಟಿ ತೆರೆದಿಟ್ಟು, ತಿಂಡಿ ತಿಂದು ಹೋಗಲು ಬಿಡಿ. ಅದಕ್ಕೆ ನಂಬಿಕೆ ಬಂದ ಮೇಲೆ ಬೋನು ಹೂಡಿ. ತಿಂಡಿಗೆ ಕೆಂಡದ ಮೇಲೆ ಸುಟ್ಟ ಕೊಬ್ಬರಿ ಚೂರು, ಹುರಿದ ಕಡಲೆಕಾಯಿ ಬೀಜ ಬೆಲ್ಲ ಸೇರಿಸಿದ್ದು, ಎಣ್ಣೆಯಲ್ಲಿ ಕರಿದ ಬೋಂಡಾ ತುಂಡು, ಇವು ಮೂರೂ ನಮ್ಮ ಮನೆಯಲ್ಲಿ ಪಾಸಾಗಿವೆ. ಮನೆಯಲ್ಲಿ ಬೇರೆ ತಿಂಡಿ ಸಿಗದ ಹಾಗೆ ಮುಚ್ಚಿಟ್ಟಿದ್ದರೆ ಮಾತ್ರ ಬೋನಿನ ತಿಂಡಿಗೆ ಬೆಲೆ.

ಬಡಿಯುವ ಕತ್ತರಿ ಬೋನು ಇಡುವುದಾದರೆ ಬಯಲಲ್ಲಿ ಇಡಬೇಡಿ. ಬೆಕ್ಕಿನ ಪಂಜ, ನಾಯಿಯ ಮೂತಿ, ಮಗುವಿನ ಬೆರಳು ಸಿಕ್ಕಿಬಿಡುತ್ತದೆ. ಒಂದು ಹಳೇ ಮರದ ಪೆಟ್ಟಿಗೆಗೆ ಅಂಗುಲದ ತೂತು ಕೊರೆದು, ತೂತಿನಿಂದ ಒಂದು ಗೇಣು ಒಳಗೆ ಕತ್ತರಿ ಇಟ್ಟು, ಪೆಟ್ಟಿಗೆಯ ಮೇಲೆ ಕಲ್ಲು ಹೇರಿ. ಇಲಿ ಮಾತ್ರ ಒಳಗೆ ಹೋಗುತ್ತದೆ.

ಬಿದ್ದ ಇಲಿಯನ್ನು ಏನು ಮಾಡಬೇಕು? ಇಲ್ಲಿ ನಮ್ಮೂರ ಒಂದು ತಮಾಷೆ ಹೇಳಬೇಕು. ನಾವು ಬೆಳಿಗ್ಗೆ ಕತ್ತಲಲ್ಲಿ ಬೋನು ಎತ್ತಿಕೊಂಡು ಕೆಳಗಿನ ಬೀದಿಯ ತಿಪ್ಪೆ ಹತ್ತಿರ ಬಿಡಲು ಹೋದರೆ, ಕೆಳಗಿನ ಬೀದಿಯವರೊಬ್ಬರು ಬೋನು ಹಿಡಿದು ನಮ್ಮ ಬೀದಿಗೆ ಬರುತ್ತಿದ್ದರು. ಇಬ್ಬರೂ ಮುಖ ಮುಖ ನೋಡಿಕೊಂಡು "ವಾಕಿಂಗಾ ಅಣ್ಣ?" "ಹ್ಞೂಂ, ವಾಕಿಂಗು" ಅಂದುಕೊಂಡು ಹಿಂದಿರುಗಿದೆವು. ಇದು ಸಹಕಾರ ತತ್ವ ಅಲ್ಲ. ಊರಿನಿಂದ ಅರ್ಧ ಮೈಲಿ ಆಚೆ, ಹೊಲ ಮನೆ ಇಲ್ಲದ ಗೋಮಾಳದ ಕಡೆ ಬಿಡಿ. ಅಲ್ಲಿ ಗೂಬೆ, ಹದ್ದು, ಕೇರೆಹಾವು ತಮ್ಮ ಕೆಲಸ ಮಾಡಿಕೊಳ್ಳುತ್ತವೆ. ಗಣಪತಿ ವಾಹನ ಅಂತ ಕೊಲ್ಲಲು ಮನಸ್ಸು ಬಾರದವರಿಗೂ ಇದು ಸಮಾಧಾನ. ಏನೇ ಮಾಡಿ, ಬೋನಿನಲ್ಲೇ ಎರಡು ದಿನ ಬಿಟ್ಟು ಬಿಸಿಲಿಗೆ ಸಾಯಿಸಬೇಡಿ. ಬರಿಗೈಯಲ್ಲಿ ಮುಟ್ಟಬೇಡಿ. ಬೋನನ್ನು ಬಿಸಿನೀರಲ್ಲಿ ತೊಳೆಯಿರಿ. ಹಿಕ್ಕೆ ಬಿದ್ದ ಜಾಗವನ್ನು ಒಣಗಿದ್ದಾಗಲೇ ಗುಡಿಸಿ ಧೂಳು ಎಬ್ಬಿಸಬೇಡಿ. ಬ್ಲೀಚಿಂಗ್ ಪುಡಿ ಕಲೆಸಿದ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ ತೆಗೆಯಿರಿ.

ಐದನೆಯದು, ಬೆಕ್ಕು. ಹಸಿದ ಬೆಕ್ಕು ಚೆನ್ನಾಗಿ ಇಲಿ ಹಿಡಿಯುತ್ತದೆ ಅಂತ ಊಟ ಹಾಕದೆ ಇಡುವವರಿದ್ದಾರೆ. ಅದು ತಪ್ಪು. ಬೆಕ್ಕು ಬೇಟೆಯಾಡುವುದು ಬುದ್ಧಿಯಿಂದ, ಹಸಿವಿನಿಂದಷ್ಟೇ ಅಲ್ಲ. ಹೊಟ್ಟೆಗೆ ಇಲ್ಲದ ಬೆಕ್ಕು ನಿಮ್ಮ ಮನೆಯಲ್ಲಿ ನಿಲ್ಲುವುದಿಲ್ಲ. ಒಂದು ಹೊತ್ತು ಹಾಲು ಅನ್ನ ಹಾಕಿ, ಕಾಳಿನ ಕೋಣೆಗೆ ಓಡಾಡಲು ದಾರಿ ಬಿಡಿ. ಇಲಿ ತಿನ್ನುವ ಬೆಕ್ಕಿಗೆ ಜಂತುಹುಳು ಆಗುತ್ತದೆ, ಹುಳುವಿನ ಔಷಧಿ ಕೇಳಿ ಹಾಕಿಸಿ. ನಾಯಿಗೂ ಬೆಕ್ಕಿಗೂ ಹುಚ್ಚುನಾಯಿ ರೋಗದ ಲಸಿಕೆ ತಪ್ಪಿಸಬೇಡಿ. ಆದರೆ ಬೆಕ್ಕೊಂದೇ ಎಲ್ಲ ಮಾಡುತ್ತದೆ ಅಂದುಕೊಳ್ಳಬೇಡಿ. ತೂತು ಮುಚ್ಚದ ಮನೆಯಲ್ಲಿ ಮೂರು ಬೆಕ್ಕು ಇದ್ದರೂ ಇಲಿ ಇರುತ್ತದೆ.

ಇನ್ನು ಮಾಡಬಾರದ್ದು. ಅಂಟು ಹಲಗೆ ಪೇಟೆಯಲ್ಲಿ ಸಿಗುತ್ತದೆ. ಅದರಲ್ಲಿ ಇಲಿ ಜೀವಂತ ಅಂಟಿಕೊಂಡು ದಿನಗಟ್ಟಲೆ ನರಳುತ್ತದೆ. ಬೆಕ್ಕಿನ ಮರಿ, ಹಲ್ಲಿ, ಗುಬ್ಬಿಯೂ ಅಂಟಿಕೊಳ್ಳುತ್ತವೆ. ನುಸಿಗುಳಿಗೆ ಇಟ್ಟರೆ ಇಲಿ ಪಕ್ಕದಲ್ಲೇ ಓಡಾಡುತ್ತದೆ, ಅದನ್ನು ತಿಂದ ನಾಯಿ, ಬೆಕ್ಕು, ಮಗುವಿಗೆ ಅಪಾಯ. ಕರೆಂಟಿಗೆ ಸಿಕ್ಕಿಸುವ ಶಬ್ದದ ಪೆಟ್ಟಿಗೆಗೆ ಇಲಿ ಸ್ವಲ್ಪ ದಿನದಲ್ಲೇ ಒಗ್ಗಿಕೊಳ್ಳುತ್ತದೆ. ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ವಾಸದ ಮನೆಯೊಳಗೆ ಯಾವ ಕಾರಣಕ್ಕೂ ಇಡಬಾರದು. ಅದರ ಗಾಳಿ ಮಲಗಿದ್ದವರನ್ನು ಎಬ್ಬಿಸುವುದಿಲ್ಲ. ಬೆಳೆಗೆ ಹೊಡೆಯುವ ಔಷಧಿಯನ್ನು ತಿಂಡಿಗೆ ಕಲೆಸಿ ಇಡಬೇಡಿ. ಹೊಲದ ಸುತ್ತ ಬರಿ ತಂತಿಗೆ ಕರೆಂಟು ಕೊಡುವುದಂತೂ ಇಲಿಗಿಂತ ಮುಂಚೆ ಮನುಷ್ಯರನ್ನು ಕೊಲ್ಲುವ ಕೆಲಸ.

ಹೊಲ ಗದ್ದೆಯ ಹೆಗ್ಗಣಕ್ಕೆ ವಿಷ ಇಡಲೇಬೇಕು ಅನ್ನುವ ಸಂದರ್ಭ ಬರಬಹುದು. ಆಗ ಕೃಷಿ ಇಲಾಖೆಯವರನ್ನು ಕೇಳಿ, ಸುತ್ತಲಿನವರೆಲ್ಲ ಒಂದೇ ದಿನ ಸೇರಿ ಮಾಡಿ. ಬಿಲದ ಒಳಗೇ ಹಾಕಿ ಬಾಯಿ ಮುಚ್ಚಿ. ನಾಯಿಗಳನ್ನು ಕಟ್ಟಿಹಾಕಿ. ಸತ್ತವನ್ನು ಹುಡುಕಿ ಆಳವಾಗಿ ಹೂಳಿ. ಅಂಗಡಿಯಲ್ಲಿ ನೀಲಿ ಹಸಿರು ಬಿಸ್ಕತ್ತಿನಂತೆ ಕಾಣುವ ಬ್ರೊಮಡಯಲೋನ್ ಬಿಲ್ಲೆ ಸಿಗುತ್ತದೆ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡಿ ನಿಧಾನವಾಗಿ, ಕೆಲವು ದಿನಗಳ ಮೇಲೆ ಕೊಲ್ಲುತ್ತದೆ. ಆ ನಾಲ್ಕು ದಿನ ಇಲಿ ಮಂಕಾಗಿ ಓಡಾಡುತ್ತಿರುತ್ತದೆ, ಬೆಕ್ಕಿಗೂ ಗೂಬೆಗೂ ಸುಲಭವಾಗಿ ಸಿಗುತ್ತದೆ. ಮಕ್ಕಳ ಕೈಗೆ ಸಿಕ್ಕರೆ ಬಿಸ್ಕತ್ತೇ ಅಂದುಕೊಳ್ಳುತ್ತವೆ. ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟು ಈಲಿಯನ್ನೇ ಸುಟ್ಟುಹಾಕುತ್ತದೆ. ಅದಕ್ಕೂ ಪ್ರತಿಮದ್ದು ಇಲ್ಲ. ಇಂಥವನ್ನು ಮನೆಗೆ ತರದಿರುವುದೇ ಮೇಲು.

ಆದರೂ ನಾಯಿಯೋ, ಬೆಕ್ಕೋ, ಹಸುವೋ ವಿಷ ತಿಂದಿದೆ ಅಂತ ಅನುಮಾನ ಬಂದರೆ ಕಾಯಬೇಡಿ. ಹುಳಿ, ಉಪ್ಪುನೀರು, ಮೊಟ್ಟೆ, ಹಾಲು ಅಂತ ಬಾಯಿಗೆ ಹೊಯ್ಯಬೇಡಿ. ನಮ್ಮ ತಪ್ಪು ನೀವು ಮಾಡಬೇಡಿ. ತಕ್ಷಣ ಪಶುವೈದ್ಯರಿಗೆ ಫೋನು ಮಾಡಿ, ಅಥವಾ 1962ಕ್ಕೆ ಮಾಡಿ, ಅದು ಪ್ರಾಣಿಗಳ ಸಹಾಯವಾಣಿ. ವಿಷದ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡಿರಿ. ಯಾವ ವಿಷ ಅಂತ ಗೊತ್ತಾದರೆ ಅರ್ಧ ಚಿಕಿತ್ಸೆ ಆದ ಹಾಗೆ. ಬಿಲ್ಲೆಯ ವಿಷಕ್ಕೆ ವಿಟಮಿನ್ ಕೆ ಒಂದು ಅನ್ನುವ ಮದ್ದು ಇದೆ, ಬೇಗ ಹೋದರೆ ಪ್ರಾಣ ಉಳಿಯುತ್ತದೆ. ಪುಡಿ ತಿಂದ ಪ್ರಾಣಿಯ ವಾಂತಿಯ ಹತ್ತಿರ ಮುಖ ಇಡಬೇಡಿ, ಬಯಲು ಗಾಳಿಯಲ್ಲಿ ಇರಿಸಿ. ಮನುಷ್ಯರಿಗೆ ಆದರೆ 108. ಮಕ್ಕಳು ಮುಟ್ಟಿದ್ದಾರೆ ಅನ್ನುವ ಅನುಮಾನ ಸಾಕು, ಲಕ್ಷಣ ಕಾಣಲಿ ಅಂತ ಕಾಯಬಾರದು.

ಕೊನೆಯದಾಗಿ ಸಂಘದ ಮಾತು. ಕೆಲವು ವರ್ಷಗಳ ಹಿಂದೆ ಆಡಳಿತ ಮಂಡಳಿ ಸಭೆಯಲ್ಲಿ ಸದಸ್ಯರಿಗೆ ಕಡಿಮೆ ಬೆಲೆಗೆ ಇಲಿ ಪಾಷಾಣ ತರಿಸಿಕೊಡೋಣ ಅಂತ ವಿಷಯ ಬಂತು. ಒಳ್ಳೆಯ ಮನಸ್ಸಿನಿಂದಲೇ ಬಂದ ವಿಷಯ. ನಾವು ಎದ್ದು ನಿಂತು ಕರಿಯನ ಕಥೆ ಹೇಳಿದೆವು. ಅಜ್ಜಿ ಬೆಕ್ಕಿನ ಕಥೆ ಅವತ್ತೂ ಹೇಳಲಿಲ್ಲ, ಅಷ್ಟು ಧೈರ್ಯ ಇರಲಿಲ್ಲ. "ಹಿಂಡಿ ಮಾರುವ ಕೋಣೆಯಲ್ಲೇ ವಿಷವನ್ನೂ ಮಾರಿದರೆ, ಒಂದು ಪೊಟ್ಟಣ ಒಡೆದು ಒಂದು ಚೀಲಕ್ಕೆ ಬಿದ್ದರೆ, ಯಾರ ಹಸು ಸತ್ತರೆ ಯಾರು ಹೊಣೆ?" ಅಂತ ಕೇಳಿದೆವು. ಅದರ ಬದಲು ತಂತಿ ಬೋನು ತರಿಸಿ ಸದಸ್ಯರಿಗೆ ಎರವಲು ಕೊಡೋಣ ಅಂದೆವು. ಒಬ್ಬ ನಿರ್ದೇಶಕರು "ಬೋನು ಎರವಲು ಕೊಡೋಕೆ ನಾವೇನು ಶಾಮಿಯಾನದವ್ರಾ?" ಅಂದರು. ಎಲ್ಲರೂ ನಕ್ಕರು. ಆದರೆ ಠರಾವು ಪಾಸಾಯಿತು. ಮೊದಲು ಬೋನು ಒಯ್ದವರೂ ಅವರೇ.

ಈಗ ಸಂಘದಲ್ಲಿ ಮೂವತ್ತು ಬೋನುಗಳಿವೆ. ಒಂದು ಮನೆಗೆ ಐದು, ಹತ್ತು ದಿನಕ್ಕೆ. ಬಾಡಿಗೆ ಇಲ್ಲ, ಪುಸ್ತಕದಲ್ಲಿ ಸಹಿ ಅಷ್ಟೇ. ತೊಳೆದು ಹಿಂದಿರುಗಿಸಬೇಕು. ಹಾಗೇ ನಮ್ಮ ಗೋಡೌನಿನಲ್ಲಿ ಹಲಗೆ ಹಾಕಿ, ಗೋಡೆಯಿಂದ ದೂರ ಚೀಲ ಜೋಡಿಸಿ, ಬಾಗಿಲಿಗೆ ತಗಡು ಹೊಡೆಸಿದ ಮೇಲೆ ತೂತು ಬಿದ್ದ ಹಿಂಡಿ ಚೀಲ ತೀರಾ ಅಪರೂಪವಾಗಿದೆ. ಅದನ್ನು ನೀವೇ ನೋಡುತ್ತಿದ್ದೀರಿ.

ಒಂದು ಮನೆಯವರು ತೂತು ಮುಚ್ಚಿ, ಪಕ್ಕದ ಮನೆಯವರು ಬಿಟ್ಟರೆ ಇಲಿ ಜಾಗ ಬದಲಾಯಿಸಿಕೊಳ್ಳುತ್ತದೆ ಅಷ್ಟೇ. ಒಂದು ಬೀದಿಯವರು ಒಂದೇ ವಾರದಲ್ಲಿ ಸೇರಿ ಮಾಡಿದರೆ ಅದಕ್ಕೆ ಹೋಗಲು ಮನೆ ಇರುವುದಿಲ್ಲ. ಒಬ್ಬೊಬ್ಬರ ಮೂರು ಲೀಟರ್ ಹಾಲು ಸೇರಿಸಿ ಇಪ್ಪತ್ತೈದು ವರ್ಷ ಒಂದು ಸಂಘ ನಡೆಸಿದವರು ನಾವು. ಒಂದು ವಾರ ಸೇರಿ ತೂತು ಮುಚ್ಚಲು ಆಗುವುದಿಲ್ಲವೇ? ಈ ಸಲ ರಾಗಿ ಒಕ್ಕಣೆ ಮುಗಿದ ಮೊದಲನೇ ಭಾನುವಾರ ನಮ್ಮ ಬೀದಿಯಿಂದ ಶುರು ಮಾಡುತ್ತೇವೆ. ಅಜ್ಜಿ ಮನೆಯ ತೂತುಗಳನ್ನು ನಾವೇ ನಿಂತು ಮುಚ್ಚಿಕೊಡುತ್ತೇವೆ. ಸಿಮೆಂಟು ಕಲೆಸಲು ಬರುವವರು ಬರಬಹುದು, ಕಾಫಿ ನಮ್ಮ ಮನೆಯಲ್ಲಿ, ಹಾಲು ನಮ್ಮ ಸಂಘದ್ದೇ.